‘ಅಂದು ಹಾಕಿದ್ದರೆ ಇಂದು ಎಷ್ಟು?’: ರಿಯಲ್ ಎಸ್ಟೇಟ್ ಷೇರಿನ ಲೆಕ್ಕ ನಾನು ಹಾಕುವ ಬಗೆ

ಇಪ್ಪತ್ತು ವರ್ಷದ ಹಿಂದೆ ಒಂದು ಲಕ್ಷ ಹಾಕಿ ಸುಮ್ಮನಿದ್ದರೆ ಇವತ್ತು ಎಷ್ಟಾಗಿರುತ್ತಿತ್ತು? ಈ ಪ್ರಶ್ನೆಗೆ ಒಂದೇ ಷೇರಿನಲ್ಲಿ ನಾಲ್ಕೈದು ಉತ್ತರ ಸಿಗುತ್ತವೆ, ಲೆಕ್ಕದಲ್ಲಿ ಒಂದೂ ತಪ್ಪಿರುವುದಿಲ್ಲ. ಹಾಗಾಗಿ ಅಂತಿಮ ಮೊತ್ತಕ್ಕಿಂತ ಅದು ಯಾವ ಊಹೆಗಳ ಮೇಲೆ ನಿಂತಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಲೆಕ್ಕ ಸುಲಭವಾಗಲೆಂದು ಒಂದು ಕಾಲ್ಪನಿಕ ಷೇರು ಇಟ್ಟುಕೊಳ್ಳೋಣ. ಕೊಂಡ ಬೆಲೆ 100, ಕೊಂಡದ್ದು 1,000 ಷೇರು. 20 ವರ್ಷದ ನಂತರ ಬೆಲೆ 260. ಪ್ರತಿ ವರ್ಷದ ಕೊನೆಗೆ ಆ ದಿನದ ಬೆಲೆಯ ಶೇ. 4.5ರಷ್ಟು ಡಿವಿಡೆಂಡ್ (ಲಾಭಾಂಶ). ಬೆಲೆಯನ್ನಷ್ಟೇ ನೋಡಿದರೆ 1,00,000 ಹೋಗಿ 2,60,000 ಆಯಿತು, ಅಂದರೆ ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಶೇ. 4.9. ಬೆಲೆ ಏರಿಕೆ ಎಲ್ಲ ವರ್ಷವೂ ಸಮನಾಗಿತ್ತು ಎಂದುಕೊಂಡು ಡಿವಿಡೆಂಡ್ ಅನ್ನು ಕೈಗೆ ತೆಗೆದುಕೊಂಡರೆ ಅದೇ ಸುಮಾರು 1,54,000 ಬರುತ್ತದೆ, ಒಟ್ಟು 4,14,000. ಪ್ರತಿ ಡಿವಿಡೆಂಡಿಗೂ ಅದೇ ಷೇರನ್ನು ಕೊಂಡಿದ್ದರೆ 1,000 ಷೇರು 2,412 ಆಗುತ್ತದೆ, ಮೊತ್ತ 6,27,000, ವರ್ಷಕ್ಕೆ ಶೇ. 9.6. ಆದರೆ ಡಿವಿಡೆಂಡಿನಲ್ಲಿ ಶೇ. 20 ತೆರಿಗೆ ಹೋಗಿ ಉಳಿದದ್ದನ್ನು ಮಾತ್ರ ಹಾಕಲು ಸಾಧ್ಯವಿದ್ದರೆ ಷೇರು 2,029, ಮೊತ್ತ 5,27,000, ಶೇ. 8.7. ಅದನ್ನೂ ಶೇ. 4ರ ಹಣದುಬ್ಬರಕ್ಕೆ ಇಳಿಸಿದರೆ, ಕೊಂಡ ದಿನದ ಹಣದ ಬೆಲೆಯಲ್ಲಿ ಉಳಿಯುವುದು ಸುಮಾರು 2,41,000.

ಜಾಹೀರಾತಿನ ಬಾಯಲ್ಲಿ ಸಾಮಾನ್ಯವಾಗಿ ಬರುವುದು ಮೂರನೆಯ ಅಂಕಿ. ನಾನು ಬಳಸುವುದು ಕೊನೆಯ ಎರಡನ್ನು.

ಬೇರೆ ಕ್ಷೇತ್ರದ ಷೇರುಗಳಿಗಿಂತ ಇಲ್ಲಿ ಈ ಅಂತರ ದೊಡ್ಡದಾಗಲು ಕಾರಣವಿದೆ. ಅಮೆರಿಕದಲ್ಲಿ 1960ರ ಕಾನೂನಿನಿಂದ ಹುಟ್ಟಿದ, ಹೆಚ್ಚಾಗಿ ಬಾಡಿಗೆಯ ಕಟ್ಟಡಗಳನ್ನು ಇಟ್ಟುಕೊಂಡು ನಡೆಸುವ ಕಂಪನಿಗಳಾದ ರೀಟ್‌ಗಳು ಇಂದು ತಮ್ಮ ತೆರಿಗೆಗೆ ಒಳಪಡುವ ಆದಾಯದ ಕನಿಷ್ಠ ಶೇ. 90ನ್ನು ಷೇರುದಾರರಿಗೆ ಹಂಚಲೇಬೇಕು. ಬೇರೆ ಎಷ್ಟೋ ದೇಶಗಳ ನಿಯಮವೂ ಇದೇ ಜಾಡಿನದು. ಬಾಡಿಗೆ ಬಂದಂತೆ ಹೊರಗೆ ಹೋಗುತ್ತದೆ, ಹಾಗಾಗಿ ಬೆಲೆಯ ಗ್ರಾಫ್ ನೋಡಿ ರೀಟನ್ನು ಅಳೆಯುವುದು ಹಸುವಿನ ತೂಕ ಹಿಡಿದು ಹಾಲಿನ ಲೆಕ್ಕ ಬಿಟ್ಟಂತೆ. ಮನೆ ಕಟ್ಟಿ ಮಾರುವ ಡೆವಲಪರ್ ಕಂಪನಿಯದು ಸಾಮಾನ್ಯವಾಗಿ ಇದರ ತಿರುವುಮುರುವು: ಡಿವಿಡೆಂಡ್ ತೆಳು, ಲಾಭ ಏರಿಳಿತದ್ದು, ಪ್ರತಿಫಲವೆಲ್ಲ ಬೆಲೆಯಲ್ಲೇ. ಇವೆರಡನ್ನೂ ಒಂದೇ ಹಾಳೆಯಲ್ಲಿ ಹೋಲಿಸುವಾಗ ಕಡ್ಡಾಯವಾಗಿ ಡಿವಿಡೆಂಡ್ ಸೇರಿಸಿದ ಲೆಕ್ಕವನ್ನೇ ತೆಗೆದುಕೊಳ್ಳಬೇಕು.

ಹಾಳೆಯಲ್ಲಿ ನಾನು ಇಡುವ ಕಾಲಂಗಳು ಆರು: ದಿನಾಂಕ, ಆ ದಿನದ ನಿಜವಾದ ಬೆಲೆ, ಷೇರೊಂದಕ್ಕೆ ಬಂದ ಡಿವಿಡೆಂಡ್, ತೆರಿಗೆ ಕಳೆದ ಮೊತ್ತ, ಅದರಿಂದ ಕೊಂಡ ಷೇರು, ಒಟ್ಟು ಷೇರು. ಕೊಳ್ಳುವ ಬೆಲೆಯಾಗಿ ಹಣ ಖಾತೆಗೆ ಬಂದ ದಿನದ ಬೆಲೆ ಹಾಕುತ್ತೇನೆ. ಎಕ್ಸ್-ಡೇಟಿನ ದಿನ, ಅಂದರೆ ಆ ಡಿವಿಡೆಂಡಿನ ಹಕ್ಕಿಲ್ಲದೆ ಷೇರು ವಹಿವಾಟಾಗಲು ಶುರುವಾಗುವ ದಿನ, ಹಣ ಕೈಯಲ್ಲಿರುವುದಿಲ್ಲ, ಇಲ್ಲದ ಹಣದಿಂದ ಷೇರು ಕೊಳ್ಳಲಾಗದು. ಚೂರು ಷೇರು ಕೊಳ್ಳಲು ಅವಕಾಶವಿಲ್ಲದ ಕಡೆ ಉಳಿಕೆಯನ್ನು ಮುಂದಿನ ಸಾಲಿಗೆ ಸಾಗಿಸಬೇಕು.

ಅತಿ ಹೆಚ್ಚು ಎಡವುವ ಜಾಗ ‘ಅಡ್ಜಸ್ಟೆಡ್’ ಬೆಲೆ. ಕೆಲವು ಮೂಲಗಳು ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಮತ್ತು ಬೋನಸಿಗೆ (ಉಚಿತವಾಗಿ ಕೊಡುವ ಷೇರು) ಮಾತ್ರ ಹಳೆಯ ಬೆಲೆ ತಿದ್ದುತ್ತವೆ, ಕೆಲವು ಡಿವಿಡೆಂಡಿಗೂ ತಿದ್ದುತ್ತವೆ. ಡಿವಿಡೆಂಡಿಗೆ ತಿದ್ದಿದ ಬೆಲೆಯ ಮೇಲೆ ಮತ್ತೆ ಡಿವಿಡೆಂಡ್ ಸೇರಿಸಿದರೆ ಅದು ಎರಡು ಸಲ ಎಣಿಕೆಯಾಗುತ್ತದೆ. ಪರೀಕ್ಷೆ ಸರಳ: ತಿದ್ದಿದ ಬೆಲೆಯನ್ನು ನಿಜವಾದ ಬೆಲೆಯಿಂದ ಭಾಗಿಸಿ, ಆ ಅನುಪಾತ ಪ್ರತಿ ಎಕ್ಸ್-ಡೇಟಿನಲ್ಲೂ ಮೆಟ್ಟಿಲು ಹತ್ತಿದರೆ ಡಿವಿಡೆಂಡ್ ಆಗಲೇ ಒಳಗಿದೆ.

ರೈಟ್ಸ್ ಇಶ್ಯೂ, ಅಂದರೆ ಇರುವ ಷೇರುದಾರರಿಗೇ ಕಡಿಮೆ ಬೆಲೆಗೆ ಹೊಸ ಷೇರು ಕೊಳ್ಳುವ ಹಕ್ಕು ಕೊಡುವುದು, ಇನ್ನೊಂದು ಗುಂಡಿ. ಸಾಲ ತೀರಿಸಲೋ ಹೊಸ ಕಟ್ಟಡ ಕೊಳ್ಳಲೋ ಈ ಕ್ಷೇತ್ರದವರು ಷೇರುದಾರರ ಹತ್ತಿರ ಮತ್ತೆ ಬರುವುದು ಹೆಚ್ಚು. ಬೆಲೆ 100 ಇದ್ದಾಗ ನಾಲ್ಕಕ್ಕೆ ಒಂದರಂತೆ 80ಕ್ಕೆ ಕೊಟ್ಟರು ಎನ್ನಿ. ನಾಲ್ಕು ಹಳೆಯದರ 400, ಹೊಸದರ 80, ಒಟ್ಟು 480 ಭಾಗಿಸು ಐದು, 96. ಹಳೆಯ ಬೆಲೆಗಳನ್ನೆಲ್ಲ 0.96ರಿಂದ ಗುಣಿಸಬೇಕು. 1,000 ಷೇರಿದ್ದವನು ಹಕ್ಕನ್ನು ಬಳಸಿದರೆ 20,000 ಹೊಸ ಹಣ ಹಾಕಿದಂತೆ. ಆಗ ಸಿಎಜಿಆರ್ (ಮೊದಲ ಮತ್ತು ಕೊನೆಯ ಮೊತ್ತವನ್ನಷ್ಟೇ ನೋಡುವ ವಾರ್ಷಿಕ ಚಕ್ರಬಡ್ಡಿ ದರ) ನಡೆಯದು, ಹಾಕಿದ, ಬಂದ ಪ್ರತಿ ಮೊತ್ತವನ್ನೂ ದಿನಾಂಕದ ಸಮೇತ ಲೆಕ್ಕಕ್ಕೆ ಹಿಡಿಯುವ ಎಕ್ಸ್‌ಐಆರ್‌ಆರ್ ಬೇಕು. ಹಕ್ಕನ್ನು ಮಾರದೆ, ಬಳಸದೆ ಸುಮ್ಮನೆ ಬಿಟ್ಟರೆ 4,000 ಹೋಯಿತು. ‘ಹಾಕಿ ಮರೆತುಬಿಡಿ’ ಎನ್ನುವವರ ಲೆಕ್ಕದಲ್ಲಿ ಈ ಸೋರಿಕೆ ಕಾಣಿಸುವುದೇ ಇಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಶುರುವಿನ ದಿನಾಂಕ ಒಂದೇ ಸಾಕು, ಎಲ್ಲವನ್ನೂ ತಲೆಕೆಳಗು ಮಾಡಲು. ಅಮೆರಿಕದ ಈಕ್ವಿಟಿ (ಸಾಲ ಕೊಡುವ ಬದಲು ಕಟ್ಟಡಗಳನ್ನೇ ಹೊಂದಿರುವ) ರೀಟ್‌ಗಳ ಸೂಚ್ಯಂಕ, ಡಿವಿಡೆಂಡ್ ಸೇರಿಸಿಯೂ, 2007ರಲ್ಲಿ ಸುಮಾರು ಶೇ. 16, 2008ರಲ್ಲಿ ಸುಮಾರು ಶೇ. 38 ಕುಸಿಯಿತು. 2009 ಮತ್ತು 2010ರಲ್ಲಿ ತಲಾ ಶೇ. 28ರಷ್ಟು, 2011ರಲ್ಲಿ ಶೇ. 8ರಷ್ಟು ಏರಿತು. 2006ರ ಕೊನೆಗೆ ಹಾಕಿದ 1,00,000 ಎರಡು ವರ್ಷದಲ್ಲಿ 52,000ದ ಆಸುಪಾಸಿಗೆ ಇಳಿದು, 2011ರ ಕೊನೆಗೂ 93,000ದ ಹತ್ತಿರವೇ ಇತ್ತು. 2008ರ ಕೊನೆಗೆ ಹಾಕಿದವನಿಗೆ ಅದೇ 2011ರ ಕೊನೆಗೆ ವರ್ಷಕ್ಕೆ ಸುಮಾರು ಶೇ. 21. ಒಂದೇ ಸೂಚ್ಯಂಕ, ಒಂದೇ ಕೊನೆ.

ಆದ್ದರಿಂದ ಒಂದು ದಿನಾಂಕದ ಲೆಕ್ಕ ನಾನು ಇಟ್ಟುಕೊಳ್ಳುವುದಿಲ್ಲ. 25 ವರ್ಷದ ತಿಂಗಳವಾರು ಪ್ರತಿಫಲ, ಅಂದರೆ 300 ತಿಂಗಳು ಇದ್ದರೆ, ಪ್ರತಿ ತಿಂಗಳಿನಿಂದ ಶುರುಮಾಡಿ ಹತ್ತು ಹತ್ತು ವರ್ಷದ 181 ತುಂಡುಗಳು ಸಿಗುತ್ತವೆ. ಕನಿಷ್ಠ, ನಡುವಿನದು, ಗರಿಷ್ಠ ಮೂರನ್ನೂ ಬರೆಯುತ್ತೇನೆ. 181 ಎಂದು ಹಿಗ್ಗಬೇಕಾಗಿಲ್ಲ, ಒಂದರ ಮೇಲೊಂದು ಬಿದ್ದ ತುಂಡುಗಳಿವು. ಸ್ವತಂತ್ರವಾದ ಹತ್ತು ವರ್ಷಗಳು ಅಲ್ಲಿರುವುದು ಎರಡೂವರೆ ಮಾತ್ರ.

ಇನ್ನು ಸತ್ತ ಷೇರುಗಳು. ಇವತ್ತು ಬದುಕಿರುವ ಕಂಪನಿಯನ್ನು ಆರಿಸಿಕೊಂಡು ಹಿಂದಕ್ಕೆ ನಡೆದರೆ ಸೋತವರು ಎದುರಾಗುವುದೇ ಇಲ್ಲ. ಚೀನಾದ ಎವರ್‌ಗ್ರಾಂಡ್ 2009ರಲ್ಲಿ ಹಾಂಕಾಂಗ್ ಷೇರುಪೇಟೆಗೆ ಬಂತು, ಸಾಲದ ಹೊರೆಯಲ್ಲಿ 2021ರಲ್ಲಿ ಕಂತು ತಪ್ಪಿಸಿತು. 2024ರ ಜನವರಿಯಲ್ಲಿ ಹಾಂಕಾಂಗ್ ನ್ಯಾಯಾಲಯ ಅದನ್ನು ಮುಚ್ಚಲು ಆದೇಶಿಸಿತು, 2025ರ ಆಗಸ್ಟಿನಲ್ಲಿ ಷೇರು ಪಟ್ಟಿಯಿಂದಲೇ ಹೊರಬಿತ್ತು. ಇಂಥಲ್ಲಿ ಮರುಹೂಡಿಕೆಯ ಲೆಕ್ಕ ತಿರುಗಿ ಹೊಡೆಯುತ್ತದೆ: ಪ್ರತಿ ಡಿವಿಡೆಂಡನ್ನೂ ಅಲ್ಲೇ ಹಾಕಿದವನಿಗೆ ಉಳಿದದ್ದು ಸೊನ್ನೆ, ಕೈಗೆ ತೆಗೆದುಕೊಂಡವನ ಹತ್ತಿರ ಆ ಹಣವಾದರೂ ಇದೆ. ಬಾಡಿಗೆ ಸರಿಯಾಗಿ ಬರುತ್ತಿದ್ದರೂ ಕಂಪನಿ ಮುಗ್ಗರಿಸಬಹುದು. ಅಮೆರಿಕದ ಮಾಲ್ ಕಂಪನಿ ಜನರಲ್ ಗ್ರೋತ್ ಪ್ರಾಪರ್ಟೀಸ್ 2009ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿದ್ದು, ಅವಧಿ ಮುಗಿದ ಸಾಲಕ್ಕೆ ಬದಲಿ ಸಾಲ ಹುಟ್ಟದೆ. 2010ರಲ್ಲಿ ಅದು ಹೊರಬಂತು, ಷೇರುದಾರರಿಗೂ ಪಾಲು ಉಳಿಯಿತು. ದಿವಾಳಿಯಲ್ಲಿ ಹೀಗಾಗುವುದು ಅಪರೂಪ. ಅದಕ್ಕೇ ಸಾಲದ ಮೊತ್ತಕ್ಕಿಂತ ಮೊದಲು ಯಾವ ವರ್ಷ ಎಷ್ಟು ಸಾಲ ವಾಪಸು ಕೊಡಬೇಕು ಎಂಬ ಪಟ್ಟಿ ನೋಡುತ್ತೇನೆ.

ಮುಂದಿನ ಅಂದಾಜಿಗೆ ಹಳೆಯ ಶೇ. 9.6ನ್ನು ಎಳೆದು ತರುವುದಿಲ್ಲ. ಮೂರು ತುಂಡು ಮಾಡುತ್ತೇನೆ: ಇಂದಿನ ಡಿವಿಡೆಂಡ್ ಇಳುವರಿ (ಬೆಲೆಯ ಶೇಕಡಾವಾರು ಡಿವಿಡೆಂಡ್), ಷೇರೊಂದರ ಎಫ್‌ಎಫ್‌ಒ (ಫಂಡ್ಸ್ ಫ್ರಂ ಆಪರೇಷನ್ಸ್, ರೀಟಿನ ವ್ಯವಹಾರದಿಂದ ಬರುವ ಹಣದ ಅಳತೆ) ಬೆಳವಣಿಗೆ, ಮತ್ತು ಎಫ್‌ಎಫ್‌ಒಗೆ ಮಾರುಕಟ್ಟೆ ಕೊಡುವ ಬೆಲೆಯ ಪಟ್ಟು, ಅಂದರೆ ಷೇರಿನ ಬೆಲೆ ಅದರ ಎಷ್ಟು ಪಟ್ಟು ಎಂಬುದು. ನಿವ್ವಳ ಲಾಭಕ್ಕೆ ಕಟ್ಟಡಗಳ ಸವಕಳಿಯನ್ನು ಕೂಡಿಸಿ, ಆಸ್ತಿ ಮಾರಿ ಬಂದ ಲಾಭವನ್ನು ಕಳೆದರೆ ಎಫ್‌ಎಫ್‌ಒ. ಲಿಫ್ಟು, ಚಾವಣಿ, ರಿಪೇರಿಗೆ ಪ್ರತಿ ವರ್ಷ ಬೇಕಾಗುವ ಖರ್ಚನ್ನೂ ಕಳೆದು ನೋಡುವುದು ಇನ್ನೂ ಒಳ್ಳೆಯದು. ಒಟ್ಟು ಎಫ್‌ಎಫ್‌ಒ ಇಮ್ಮಡಿಯಾಯಿತೆಂಬ ಸುದ್ದಿ ಬಂದರೆ ಷೇರುಗಳ ಸಂಖ್ಯೆ ಹುಡುಕಿ: ಅದು 100 ಕೋಟಿಯಿಂದ 180 ಕೋಟಿಗೆ ಏರಿದ್ದರೆ ನಿಮ್ಮ ಷೇರಿನ ಪಾಲಿಗೆ ಬಂದ ಬೆಳವಣಿಗೆ ಶೇ. 11 ಮಾತ್ರ.

ಇಳುವರಿ ಶೇ. 4.5, ಬೆಳವಣಿಗೆ ಶೇ. 3, ಪಟ್ಟು ಬದಲಾಗದಿದ್ದರೆ ವರ್ಷಕ್ಕೆ ಸುಮಾರು ಶೇ. 7.6. ಬಡ್ಡಿದರ ಏರಿ ಪಟ್ಟು ಹತ್ತು ವರ್ಷದಲ್ಲಿ 20ರಿಂದ 15ಕ್ಕೆ ಇಳಿದರೆ ವರ್ಷಕ್ಕೆ ಶೇ. 2.8ರಷ್ಟು ಬೆಲೆ ಸವೆಯುತ್ತದೆ, ಕೈಗೆ ಸಿಗುವುದು ಶೇ. 4.6ರ ಹತ್ತಿರ. ಬೆಲೆ ಇಳಿದಂತೆ ಇಳುವರಿ ಏರುವುದರಿಂದ ಅದಕ್ಕಿಂತ ತುಸು ಹೆಚ್ಚಾದೀತು. ಅದೇ ಇಳಿತ ಇಪ್ಪತ್ತು ವರ್ಷಕ್ಕೆ ಹರಡಿದರೆ ಸವೆತ ವರ್ಷಕ್ಕೆ ಶೇ. 1.4. ಪಟ್ಟು 20, 15, 12 ಮೂರಕ್ಕೂ ಲೆಕ್ಕ ಹಾಕಿ, ಮೂರು ಉತ್ತರವನ್ನೂ ಅಕ್ಕಪಕ್ಕ ಇಡುತ್ತೇನೆ. 12ರ ಸಾಲಿನ ಉತ್ತರ ಬ್ಯಾಂಕ್ ಠೇವಣಿಗಿಂತ ಕಡಿಮೆ ಬಂದರೆ ಕೊಳ್ಳುವ ಬೆಲೆಯನ್ನು ಇಳಿಸಿಕೊಂಡು ಮತ್ತೆ ಮೊದಲಿನಿಂದ.