ಘಾಟಿ ಮುಚ್ಚಿತು, ನಾನು ಊರು ಬಿಡಲಿಲ್ಲ

ಆರು ದಿನದ ಟ್ರೆಕ್ ಅಂತ ಹೊರಟವನು ಆರೂ ದಿನ ಒಂದೇ ಬೆಟ್ಟದ ಊರಲ್ಲಿ ಇದ್ದು ಬಂದೆ ಅಂದರೆ ಕೇಳಿದವರು ನಗುತ್ತಾರೆ. ಹಿಂದಿನ ರಾತ್ರಿ ಮೇಲೆ ಗುಡ್ಡ ಜರಿದು ಘಾಟಿ ಮುಚ್ಚಿತ್ತು. ನಾಲ್ವರಲ್ಲಿ ಮೂವರು ಬೆಳಗಾಗುವಷ್ಟರಲ್ಲಿ ಬ್ಯಾಗ್ ಕಟ್ಟಿ ಪಕ್ಕದ ಕಣಿವೆಗೆ ಹೊರಟರು. "ನೀನು ರೂಮಲ್ಲೇ ಕೊಳೆಯುತ್ತೀಯ" ಅಂತ ಒಬ್ಬ ಬಾಯಿಬಿಟ್ಟು ಹೇಳಿಯೂ ಬಿಟ್ಟ. ಅವರಿಗೆ ಹೋಗಿ ಬರೋದಕ್ಕೇ ಎರಡು ದಿನ ಹಿಡಿಯಿತು. ಅಲ್ಲೂ ಮಳೆ. ನಾನು ಐದು ಬೆಳಗ್ಗೆ ಐದು ಬೇರೆ ದಾರಿ ನಡೆದೆ.

ಇದು ಒಂದೇ ಸಲಕ್ಕೆ ಹೊಳೆದದ್ದಲ್ಲ. ಮೊದಲ ಸಲ ಪ್ಲಾನ್ ಕೆಟ್ಟಾಗ ನಾನೂ ಹೀಗೇ ಓಡಿದ್ದೆ. ಹಳೇ ರೂಮಿನ ಮುಂಗಡ ಹೋಯಿತು, ಹೊಸ ರೂಮಿಗೆ ಅವರು ಹೇಳಿದ್ದೇ ರೇಟು, ಅದರ ಮೇಲೆ ಗಾಡಿ ಬಾಡಿಗೆ. ಇಟ್ಟುಕೊಂಡಿದ್ದ ದುಡ್ಡಲ್ಲಿ ಸುಮಾರು 40 ಪರ್ಸೆಂಟ್ ಬರೀ ಜಾಗ ಬದಲಿಸೋಕೆ ಖರ್ಚಾಯಿತು. ಎರಡನೇ ಸಲ ಊರಲ್ಲೇ ಉಳಿದೆ, ಆದರೆ ದಡ್ಡನ ಹಾಗೆ. ಇವತ್ತು ರಸ್ತೆ ತೆಗೀಬಹುದು ಅಂತ ದಿನಾ ಬೆಳಗ್ಗೆ ಶೂ ಹಾಕಿಕೊಂಡು ಬಾಗಿಲಲ್ಲಿ ಕೂರೋದು. ತೆಗೆಯಲ್ಲ ಅಂತ ಹತ್ತು ಗಂಟೆಗೆ ಗೊತ್ತಾಗೋದು. ಅಷ್ಟರಲ್ಲಿ ಮೋಡ. ನಾಲ್ಕು ದಿನ ಇದೇ ಆಯಿತು. ವಿಮೆ ಇತ್ತು, ಅದೂ ಕೈಗೆ ಬರಲಿಲ್ಲ. ಅವರು ಕೇಳಿದ್ದು ರಸ್ತೆ ಮುಚ್ಚಿದ್ದಕ್ಕೆ ಸಾಕ್ಷಿ. ಅಲ್ಲಿ ಅಂಟಿಸಿದ್ದ ನೋಟಿಸಿನ ಒಂದು ಫೋಟೋ ಕೂಡ ನಾನು ತೆಗೆದಿರಲಿಲ್ಲ. ಈಗ ಎಲ್ಲಿ ಹೋದರೂ ಮೊದಲ ಫೋಟೋ ನೋಟಿಸ್ ಬೋರ್ಡಿಂದೇ.

ಹಾಗಾಗಿ ಈ ಸಲ ಮೊದಲು ಕೂತು ಮುಗಿಸಿದ್ದು ದುಡ್ಡಿನ ಮಾತು. ರೂಮಿನವರ ಹತ್ತಿರವಾಗಲಿ, ಗೈಡ್ ಹತ್ತಿರವಾಗಲಿ ವಾಪಸ್ ಕೊಡಿ ಅನ್ನಲಿಲ್ಲ. ವಾಪಸ್ ಅಂದ ಕೂಡಲೇ ಮುಖ ಬಿಗಿಯಾಗುತ್ತೆ, ಅಲ್ವಾ? ಕೊಟ್ಟ ದುಡ್ಡಿಗೆ ಬೇರೆ ಏನು ಮಾಡಿಕೊಡ್ತೀರಿ ಅಂದೆ. ಘಾಟಿ ಮುಚ್ಚಿ ಗೈಡ್‌ಗೂ ಕೆಲಸ ಇರಲಿಲ್ಲ. ಎರಡು ದಿನದ ಮುಂಗಡ ಮೂರು ಅರ್ಧ ದಿನದ ನಡಿಗೆಯಾಯಿತು, ಅದೂ ಮ್ಯಾಪಿನಲ್ಲಿಲ್ಲದ ಕುರಿ ದಾರಿಗಳಲ್ಲಿ. ರೂಮಿನವರ ಜೊತೆ ಮಾತು ಯಾವ ಹೊತ್ತಿಗೆ, ಹೇಗೆ ಎತ್ತಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಕೊನೆಗೆ ಲೆಕ್ಕ ಹಾಕಿದರೆ, ಅಂದುಕೊಂಡಿದ್ದರ ಮುಕ್ಕಾಲು ಭಾಗವೂ ಖರ್ಚಾಗಿರಲಿಲ್ಲ.

ಮಿಕ್ಕಿದ್ದು ಹೊತ್ತಿನ ಆಟ. ಐದಕ್ಕೆ ಹೊರಡು, ಹನ್ನೊಂದಕ್ಕೆ ಊರೊಳಗಿರು, ಅಷ್ಟೇ. ಬೆಟ್ಟದಲ್ಲಿ ಮಧ್ಯಾಹ್ನ ಮೋಡ ಕಟ್ಟಿ ಗುಡುಗೋ ಕಥೆ ನಿಮಗೆ ಹೇಳಬೇಕಾಗಿಲ್ಲ. ಮೊದಲ ದಿನ ಮಾತ್ರ ಎಡವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ನಡಿಗೆಯ ಲೆಕ್ಕ ಇದೆಯಲ್ಲ, 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅಂತ, ಒದ್ದೆ ದಾರಿಯಲ್ಲಿ ಅದನ್ನೇ ನಂಬಿಕೊಂಡು ಹೊರಟೆ. ತುದಿ ಮುಟ್ಟುವಾಗಲೇ ತಡವಾಗಿತ್ತು. ಇಳಿಯುವಾಗ ಬೆಟ್ಟದ ಏಣಿನ (ನೆತ್ತಿಯ ಅಂಚಿನ) ಮೇಲೇ ಮಿಂಚು. ಗುಡುಗು ಕೇಳೋ ತನಕ ಎಣಿಸಿದೆ, ಇಪ್ಪತ್ತು ಸೆಕೆಂಡ್. ಸದ್ದಿಗೆ ಒಂದು ಕಿ.ಮೀ.ಗೆ ಸುಮಾರು ಮೂರು ಸೆಕೆಂಡ್. ಅಂದರೆ ಏಳು ಕಿ.ಮೀ. ಕೂಡ ದೂರವಿಲ್ಲ. ಏಣು ಬಿಟ್ಟು ದಡದಡ ಇಳಿದೆ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋ ತನಕ ತಗ್ಗಲ್ಲಿ ಮುದುರಿಕೊಂಡು ಕೂತೆ. ಮರುದಿನದಿಂದ ಬಂದ ಲೆಕ್ಕಕ್ಕೆ ಇನ್ನರ್ಧ ಸೇರಿಸಿಕೊಂಡೆ, ಸರಿಹೋಯಿತು.

ಯಾವ ದಿನ ಎಷ್ಟು ಮೇಲೆ ಹೋಗೋದು ಅಂತ ಹೇಳುತ್ತಿದ್ದದ್ದು ವಾಚು. ಎತ್ತರವನ್ನು ತಾನೇ ಸರಿಮಾಡಿಕೊಳ್ಳೋ ಆಟೋ ಕ್ಯಾಲಿಬ್ರೇಷನ್ ಆಫ್ ಮಾಡಿ ಮಲಗುತ್ತಿದ್ದೆ. ಮೂರನೇ ರಾತ್ರಿ ಅದರ ಆಲ್ಟಿಮೀಟರ್, ಅಂದರೆ ಗಾಳಿಯ ಒತ್ತಡ ನೋಡಿ ಎತ್ತರ ಹೇಳೋ ಮಾಪಕ, 2,100 ಮೀಟರ್ ತೋರಿಸುತ್ತಿತ್ತು. ಬೆಳಗ್ಗೆ ಎದ್ದಾಗ 2,130. ಮಂಚವಂತೂ ಮೂವತ್ತು ಮೀಟರ್ ಹತ್ತಿಲ್ಲ! ಆ ಎತ್ತರದಲ್ಲಿ ಹತ್ತು ಮೀಟರಿಗೆ ಹೆಚ್ಚುಕಡಿಮೆ ಒಂದು ಹೆಕ್ಟೊಪ್ಯಾಸ್ಕಲ್ (ಒತ್ತಡದ ಅಳತೆ), ಅಂದರೆ ಒತ್ತಡ ಮೂರು ಇಳಿದಿದೆ, ಮಳೆಯ ಲಕ್ಷಣ. ಫೋನಿನಲ್ಲಿ ಸೂರ್ಯ ನಗುತ್ತಿದ್ದ. ನಾನು ಏಣಿನ ದಾರಿ ಬಿಟ್ಟು ಕೆಳಗಿನ ಕಾಡಿಗೆ ಹೋದೆ. ಒಂಬತ್ತಕ್ಕೆ ಮುಂಚೆ ಜಡಿಮಳೆ. ಗೈಡ್ ನನ್ನ ವಾಚನ್ನು ಎರಡು ಸಲ ತಿರುಗಿಸಿ ನೋಡಿದ.

ಮಧ್ಯಾಹ್ನಗಳಲ್ಲಿ ಸುಮ್ನೆ ಕೂರೋಕೆ ನನಗೆ ಬರಲ್ಲ. ಮೊದಲು ನೀರು ಕುದಿಸಿ ನೋಡಿದೆ. 93 ಡಿಗ್ರಿಗೇ ಕುದಿಯಿತು, ಮೊಟ್ಟೆ ಬೇಯೋಕೆ ಎರಡು ಮೂರು ನಿಮಿಷ ಜಾಸ್ತಿ ಬೇಕಾಯಿತು. ಇದರಿಂದ ಏನೂ ಉಪಯೋಗವಾಗಲಿಲ್ಲ, ಮೊಟ್ಟೆ ತಿಂದೆ ಅಷ್ಟೇ.

ಎರಡನೇದು ಉಪಯೋಗಕ್ಕೆ ಬಂತು. ಎರಡು ಅಗ್ಗದ ಥರ್ಮಾಮೀಟರ್ ಇದ್ದವು. ಒಂದನ್ನು ಹೊಳೆ ಸೇತುವೆಯ ಕಂಬಿಗೆ ಕಟ್ಟಿದೆ, ಇನ್ನೊಂದನ್ನು ಸುಮಾರು 150 ಮೀಟರ್ ಮೇಲೆ ಒಂದು ಮರಕ್ಕೆ. ಮೇಲೆ ಹೋದಷ್ಟೂ ಚಳಿ ಅಂತಲೇ ಅಲ್ವಾ ನಾವು ಕಲಿತದ್ದು? ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ ಕಳೆದು ಬೆಳಗ್ಗೆ ನೋಡಿದರೆ ಹೊಳೆ ಹತ್ತಿರ 3 ಡಿಗ್ರಿ, ಮೇಲೆ 6. ತಣ್ಣನೆ ಗಾಳಿ ಭಾರ, ಜಾರಿ ಬಂದು ತಳದಲ್ಲಿ ನಿಲ್ಲುತ್ತೆ. ಮೋಡ ಮುಚ್ಚಿದ ರಾತ್ರಿ ಈ ಆಟ ನಡೆಯಲಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ. ನಾನು ಅದೇ ದಿನ ಮೇಲಿನ ಸಾಲಿನ ರೂಮಿಗೆ ಬದಲಾಯಿಸಿಕೊಂಡೆ. ಹೊಳೆ ಕಾಣಲ್ಲ ಅಂತ ಬಾಡಿಗೆಯೂ ಕಾಲು ಭಾಗ ಕಡಿಮೆ.

ಐದನೇ ಸಂಜೆ ಮೂವರೂ ವಾಪಸ್ ಬಂದರು. ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳದೆ ಹೊಳೆ ಪಕ್ಕದ ರೂಮನ್ನೇ ಹಿಡಿದರು. ರಾತ್ರಿ ಆಕಾಶ ಪೂರ್ತಿ ತಿಳಿಯಾಗಿತ್ತು. ಬೆಳಗ್ಗೆ ಐದಕ್ಕೆ ಅವರ ಬಾಗಿಲು ತಟ್ಟಿದೆ. ಒಳಗೆ ಮೂವರೂ ಒಂದೇ ಮಂಚದ ಮೇಲೆ ಕೂತಿದ್ದರು, ಇದ್ದ ಕಂಬಳಿಗಳನ್ನೆಲ್ಲ ಒಟ್ಟಿಗೆ ಹೊದ್ದುಕೊಂಡು.