ಶಿವರಾತ್ರಿ ಉಪವಾಸ, ಜಾಗರಣಿ ಹೊಸದಾಗಿ ಮಾಡೋರಿಗೆ

ಈ ಸಲ ಶಿವರಾತ್ರಿಗೆ ಉಪವಾಸನೂ ಇದ್ದು ರಾತ್ರಿ ಪೂರ್ತಿ ಎಚ್ಚರನೂ ಇರ್ಬೇಕು ಅಂತ ಮನಸ್ಸು ಮಾಡಿದ್ರ ಒಂದು ಮಾತು ಮೊದ್ಲ ತಿಳ್ಕೋರಿ, ಹಬ್ಬದ ಜೀವ ಇರೋದು ರಾತ್ರ್ಯಾಗ, ಹಗಲು ಉಪವಾಸ ಇರೋದೂ ರಾತ್ರಿ ಮೈ ಹಗುರ ಇರ್ಲಿ ಅಂತನ. ನಮ್ಮ ಕಡೆ ಬಾಳ ಮಂದಿ ದಿನಾ ಪೂರ್ತಿ ನೀರೂ ಸರಿಯಾಗಿ ಕುಡೀದ ಇದ್ದು ಸಂಜಿಗೆ ಫಳಾರ ಅಂತ ಹೊಟ್ಟಿ ತುಂಬ ಸಾಬೂದಾನಿ ಖಿಚಡಿ ತಿಂತಾರ, ಹತ್ತು ಗಂಟೆಕ್ಕ ಕಣ್ಣು ಎಳೀತಾವ, ನಡುರಾತ್ರಿ ಪೂಜಿ ಹೊತ್ತಿಗೆ ಗ್ವಾಡಿಗೆ ಆತು ನಿದ್ದಿ ಹತ್ತಿರ್ತೈತಿ. ಅದಕ್ಕ ಏನ ತಯಾರಿ ಮಾಡಿದ್ರೂ ಆ ನಡುರಾತ್ರಿ 12 ಗಂಟೆ ಪೂಜಿ ಲೆಕ್ಕ ಇಟ್ಕೊಂಡ ಮಾಡ್ರಿ.

ದಿನದ ಬಗ್ಗೆ ಬಾಳ ಮಂದಿಗೆ ಗೊಂದಲ ಐತಿ. ಮಾಘ ಬಹುಳ ಚತುರ್ದಶಿ ಯಾವ ದಿನದ ನಡುರಾತ್ರಿಗೆ ಬರ್ತೈತೋ ಅವತ್ತ ಶಿವರಾತ್ರಿ, ಸೂರ್ಯೋದಯದ ತಿಥಿ ನೋಡಂಗಿಲ್ಲ. 2026ರಾಗ ಚತುರ್ದಶಿ ಫೆಬ್ರವರಿ 15ರ ಸಂಜಿಗೆ ಹತ್ತಿ 16ರ ಸಂಜಿಗೆ ಮುಗಿಯೋದು, ಆದ್ರ ಹಬ್ಬ 15ಕ್ಕ.

ಪತ್ರಿ ವಿಚಾರ ಹಿಂದಿನ ದಿನಾನ ಮುಗಿಸ್ರಿ. ಚತುರ್ದಶಿಗೆ, ಅಮಾಸಿಗೆ, ಸೋಮವಾರ ಬಿಲ್ವಪತ್ರಿ ಹರಿಬಾರ್ದು ಅಂತ ಹಿರ್ಯಾರು ಹೇಳ್ತಾರ, ಹಂಗಾಗಿ ತ್ರಯೋದಶಿಗೆ ಹರ್ಕೊಂಡು ಒದ್ದಿ ಅರಿವ್ಯಾಗ ಸುತ್ತಿ ತಂಪಿನ್ಯಾಗ ಇಡ್ರಿ, ಬಾಡಂಗಿಲ್ಲ. ಮೂರು ಎಲಿ ಕೂಡಿರ್ಬೇಕು, ಹುಳ ತಿಂದಿರ್ಬಾರ್ದು. ನುಣುಪು ಮೈ ಲಿಂಗಕ್ಕ ತಾಗೋ ಹಂಗ ಬೋರಲ ಏರಿಸ್ಬೇಕು. ರಾತ್ರಿ ಮಾಡೋ ನಾಲ್ಕು ಪೂಜಿಗೆ ಪತ್ರಿ ಸಾಲದಿದ್ರ ಚಿಂತಿ ಬ್ಯಾಡ, ಏರಿಸಿದ್ದನ್ನ ತೊಳದು ಮತ್ತ ಏರಿಸ್ಬಹುದು, ಬಿಲ್ವಕ್ಕ ಆ ದೋಷ ಇಲ್ಲ. ಕೇದಿಗಿ ಮಾತ್ರ ಶಿವನಿಗೆ ಏರಿಸಂಗಿಲ್ಲ. ಹಣ್ಣು ಹೂವನೂ ಮೊದ್ಲ ತಂದಿಡ್ರಿ, ಹಬ್ಬದ ಮುಂಜಾನಿ ಹುಬ್ಬಳ್ಳಿ ದುರ್ಗದಬೈಲ ಮಾರ್ಕೆಟ್ಟಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ರೇಟೂ ಏರಿರ್ತಾವ. ಹಿಂದಿನ ರಾತ್ರಿ ಊಟ ಹಗುರ ಇರ್ಲಿ, ಜಲ್ದಿ ಮಲ್ಕೋರಿ.

ಉಪವಾಸ ಹೆಂಗಿರ್ಬೇಕು ಅನ್ನೋದು ಮನಿ ಮನಿಗೆ ಬ್ಯಾರೆ. ಕೆಲವ್ರು ನೀರಿನ ಮ್ಯಾಲ ಇರ್ತಾರ, ಕೆಲವ್ರು ಹಾಲು ಹಣ್ಣು ತಗೋತಾರ, ಬಾಳ ಮನ್ಯಾಗ ಸಂಜಿ ಲಿಂಗಪೂಜಿ ಆದ ಮ್ಯಾಲ ಫಳಾರ ಮಾಡ್ತಾರ. ಮೊದಲ ಸಲ ಮಾಡೋರು ಈ ಮೂರನೇದ್ದನ್ನ ಹಿಡೀರಿ. ಫೆಬ್ರವರಿ ಮಾರ್ಚಿಗೆ ನಮ್ಮ ಗದಗ ಹಾವೇರಿ ಕಡೆ ಆಗ್ಲೇ ಬಿಸಿಲು ಚುರುಕ ಆಗಿರ್ತೈತಿ, ಹಂಗಾಗಿ ನೀರು, ಎಳನೀರು, ಮಜ್ಜಿಗಿ ಆಗಾಗ ಕುಡೀತಾನ ಇರ್ರಿ. ಬರೀ ಹೊಟ್ಟಿಗೆ ಮ್ಯಾಲಿಂದ ಮ್ಯಾಲ ಚಹಾ ಕುಡಿದ್ರ ಹೊಟ್ಟಿ ಉರೀತೈತಿ, ತಲಿನೂ ಹಿಡೀತೈತಿ. ಸಂಜಿಗೆ ಕುದಿಸಿದ ಗೆಣಸು, ಕಲ್ಲಂಗಡಿ, ದ್ರಾಕ್ಷಿ, ನಾಲ್ಕು ಖಜೂರಿ, ಒಂದು ಶೇಂಗಾ ಉಂಡಿ ಇಷ್ಟ ಸಾಕು, ಸಾಬೂದಾನಿ ಬೇಕ ಅಂದ್ರ ಒಂದು ಸಣ್ಣ ಬಟ್ಟಲ. ಶುಗರ್ ಇದ್ದವ್ರು, ಬಸುರಿ ಇದ್ದವ್ರು, ದಿನಾ ಗುಳಿಗಿ ನುಂಗೋರು ಡಾಕ್ಟರ್ ಕೇಳದ ಉಪವಾಸ ಹಿಡೀಬ್ಯಾಡ್ರಿ, ಗುಳಿಗಿ ಬಿಡೋದಂತೂ ಬ್ಯಾಡವೇ ಬ್ಯಾಡ. ಉಪವಾಸ ಆಗದಿದ್ರೂ ಜಾಗರಣಿ ಮಾಡ್ಬಹುದಲ್ರಿ, ಶಿವ ಬ್ಯಾಡ ಅನ್ನಂಗಿಲ್ಲ.

ಇನ್ನ ರಾತ್ರಿ. ಸೂರ್ಯ ಮುಳುಗಿದಾಗಿಂದ ಹುಟ್ಟೋತನಕ ನಾಲ್ಕು ಯಾಮ, ಒಂದೊಂದು ಸುಮಾರು ಮೂರು ತಾಸು. ನಮ್ಮ ಊರಿಗೆ ಆಗ ಆರೂವರಿ ಸುಮಾರು ಸೂರ್ಯ ಮುಳಗ್ತಾನ, ಅಂದ್ರ ಆರೂವರಿ, ಒಂಬತ್ತೂವರಿ, ಹನ್ನೆರಡೂವರಿ, ಮೂರೂವರಿ ಹಿಂಗ ಲೆಕ್ಕ ಹಿಡೀರಿ. ಒಂದನೇ ಯಾಮಕ್ಕ ಹಾಲು, ಎರಡನೇದಕ್ಕ ಮಸರು, ಮೂರನೇದಕ್ಕ ತುಪ್ಪ, ನಾಲ್ಕನೇದಕ್ಕ ಜೇನಿನ ಅಭಿಷೇಕ ಅನ್ನೋ ಪದ್ಧತಿ ಬಾಳ ಕಡೆ ಐತಿ. ಮನ್ಯಾಗ ಮಾಡಿದ್ರ ಒಂದೊಂದು ಚಮಚ ಸಾಕು, ಲೀಟರ್ ಗಟ್ಟಲೆ ಸುರಿಯೋದ ಬ್ಯಾಡ, ಉಳಿದ ಹಾಲು ಹಸಿದ ಮಕ್ಕಳಿಗೆ ಕೊಡ್ರಿ. ಇಷ್ಟಲಿಂಗ ಇದ್ದವ್ರು ವಿಭೂತಿ ಹಚ್ಕೊಂಡು ಎಡಗೈಯಾಗ ಲಿಂಗ ಇಟ್ಕೊಂಡು ಕುಂದರ್ತಾರ, ಅಭಿಷೇಕ ಆದ ಮ್ಯಾಲ ಸ್ವಲ್ಪ ಹೊತ್ತು ಸುಮ್ಮನ ದಿಟ್ಟಿಸಿ ನೋಡ್ತಾ ಇರೋದೈತಲ್ಲ, ಅದನ್ನ ಮಾತ್ರ ತಪ್ಪಿಸ್ಬ್ಯಾಡ್ರಿ.

ಕಷ್ಟದ ಯಾಮ ಮೂರನೇದು. ನಡುರಾತ್ರಿ ಪೂಜಿ ಮುಗೀತು, ಬೆಳಕಾಗಾಕ ಇನ್ನೂ ದೂರ, ಮೈ ತಣ್ಣಗಾಗಿರ್ತೈತಿ. ಆಗ ಒಬ್ರ ಕುಂತ್ರ ನಿದ್ದಿ ಗ್ಯಾರಂಟಿ. ಓಣ್ಯಾಗ ಭಜನಿ ಇದ್ರ ಅಲ್ಲಿ ಹೋಗಿ ತಾಳ ಕೈಯಾಗ ಹಿಡೀರಿ, ಕೇಳ್ಕೊಂತ ಕುಂತವ್ರಿಗೆ ತೂಕಡಿಕಿ ಬರ್ತೈತಿ, ಹಾಡೋರಿಗೆ ಬರಂಗಿಲ್ಲ. ಹುಬ್ಬಳ್ಳಿ ಸಿದ್ಧಾರೂಢ ಮಠದಾಗ ಓಂ ನಮಃ ಶಿವಾಯ ಅನ್ನೋ ನಾಮಸ್ಮರಣಿ ಕಿವಿಗೆ ಬೀಳ್ತಿದ್ರ ನಿದ್ದಿ ತಾನ ಹೋಗ್ತೈತಿ, ಆದ್ರ ಗದ್ದಲ ಬಾಳ, ಸಣ್ಣ ಮಕ್ಕಳು ವಯಸ್ಸಾದವ್ರು ಇದ್ರ ಸಂಜಿ ಮುಂದ ದರ್ಶನ ಮುಗಿಸ್ರಿ. ಉಣಕಲ್ ಚಂದ್ರಮೌಳೇಶ್ವರ, ಗದಗಿನ ತ್ರಿಕೂಟೇಶ್ವರ, ಹಾವೇರಿ ಪುರದ ಸಿದ್ಧೇಶ್ವರ, ಇವೆಲ್ಲಾ ಚಾಲುಕ್ಯರ ಕಾಲದ ಗುಡಿಗೋಳು, ಬರಿಗಾಲಿಗೆ ಕಲ್ಲು ತಣ್ಣಗ ಹತ್ತತಾವ, ಒಂದು ಚಾದರ, ಕೂಡಾಕ ಚಾಪಿ ಒಯ್ರಿ. ಗುಡಿ ರಾತ್ರಿ ಪೂರ್ತಿ ತೆರೆದಿರ್ತೈತೋ ಇಲ್ಲೋ ಮೊದ್ಲ ಪೂಜಾರ್ರನ್ನ ಕೇಳ್ಕೋರಿ. ಮೊಬೈಲ್ ನೋಡ್ಕೊಂತ ಎಚ್ಚರ ಇರೋದು ಬ್ಯಾಡ ಅಂತ ಕೈಮುಗಿದು ಹೇಳ್ತೀನಿ, ಸಿನಿಮಾ ಹಚ್ಚಿ ಬೆಳಗ ಮಾಡಿದ್ರ ಅದು ಜಾಗರಣಿ ಆಗಂಗಿಲ್ಲ.

ಮುಂಜಾನಿ ಜಳಕ ಮಾಡಿ ಪೂಜಿ ಮುಗಿಸಿ ಸೂರ್ಯ ಹುಟ್ಟಿದ ಮ್ಯಾಲ ಪಾರಣಿ, ಅಂದ್ರ ಉಪವಾಸ ಬಿಡೋದು. ಮೊದ್ಲ ಹಣ್ಣು, ಒಂದು ತಾಸು ಬಿಟ್ಟು ಮೆತ್ತಗಿನ ಅನ್ನ ಮಜ್ಜಿಗಿ, ಹೋಳಿಗಿ ಮಾಡಿದ್ರೂ ಮಧ್ಯಾಹ್ನಕ್ಕ ಇಡ್ರಿ. ನಿದ್ದಿಗೆಟ್ಟ ಕಣ್ಣಾಗ ಬೈಕ್ ಹೊಡೀಬ್ಯಾಡ್ರಿ, ಬಸ್ಸಿಗೆ ಬರ್ರಿ. ಮಧ್ಯಾಹ್ನ ಒಂದು ಗಡದ್ದ ನಿದ್ದಿ ಮಾಡಿ ಎದ್ರ ಸಂಜಿಗೆ ಸಿದ್ಧಾರೂಢರ ತೇರಿಗೆ ಹೋಗಾಕ ಮೈ ತಯಾರ ಆಗಿರ್ತೈತಿ.