ಹತ್ತು ತಿರುಗಾಟ, ನಾಲ್ಕು ಡಿಸ್ಕ್: ದೊಡ್ಡ ಸಂಗ್ರಹವನ್ನು ಹಂಚಿ ಬರೆಯುವ ಬಗೆ

ನನ್ನ ಸೋದರಮಾವ ಹತ್ತು ವರ್ಷ ಯಕ್ಷಗಾನ ಮೇಳಗಳ ಬೆನ್ನು ಹಿಡಿದು ಆಟಗಳ ಧ್ವನಿಮುದ್ರಣ ಮಾಡಿಕೊಂಡವರು. ಮೇಳ ತಿರುಗಾಟಕ್ಕೆ ಹೊರಟಲ್ಲಿಂದ ಬೇಸಗೆಯ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ, ಬಿಡುವು ಸಿಕ್ಕಾಗಲೆಲ್ಲ ಚಿಕ್ಕ ರೆಕಾರ್ಡರ್ ಹಿಡಿದು ರಂಗಸ್ಥಳದ ಹತ್ತಿರ ಕೂರುತ್ತಿದ್ದರು. ಹಾಗೆ ಕೂಡಿದ್ದು 87 ಜಿಬಿ.

ಅದನ್ನು ಮೊದಲ ಸಲ ಡಿಸ್ಕ್‌ಗೆ ಬರೆಯುವಾಗ ಹಂಚುವ ಕೆಲಸವನ್ನೆಲ್ಲ ನಾನು ತಂತ್ರಾಂಶಕ್ಕೇ ಒಪ್ಪಿಸಿಬಿಟ್ಟೆ. ಅದು ಇಡೀ ಸಂಗ್ರಹವನ್ನು ಒಂದೇ ಬ್ಯಾಕಪ್ ಮಾಡಿ, ತುಂಡರಿಸಿ, ಇಪ್ಪತ್ತೊಂದು ಡಿವಿಡಿಗಳಿಗೆ ತುಂಬಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಂಟನೆಯ ಡಿಸ್ಕ್ ಓದಲು ಬಾರದಾಯಿತು. ಸರಪಳಿಯ ಒಂದು ಕೊಂಡಿ ಕಳಚಿದ್ದರಿಂದ ತಂತ್ರಾಂಶ ಉಳಿದ ಇಪ್ಪತ್ತನ್ನೂ ಬಿಚ್ಚಲಿಲ್ಲ. ಆ ಡಿಸ್ಕ್‌ಗಳಿಂದ ಭಾಗವತರ ಒಂದೇ ಒಂದು ಪದವೂ ಕೇಳಿಸಲಿಲ್ಲ. ಮಾವನ ಹಾರ್ಡ್ ಡಿಸ್ಕ್ ಇನ್ನೂ ಬದುಕಿತ್ತು, ಅದೊಂದೇ ನಮ್ಮ ಪುಣ್ಯ.

ಆದ್ದರಿಂದ ಈ ಲೇಖನದ ಎಲ್ಲ ಹಂತಗಳೂ ಒಂದೇ ನಿಯಮದ ಸುತ್ತ ಇವೆ. ಪ್ರತಿಯೊಂದು ಡಿಸ್ಕ್ ಬೇರೆ ಡಿಸ್ಕ್‌ನ ಹಂಗಿಲ್ಲದೆ ತೆರೆದುಕೊಳ್ಳಬೇಕು. ಒಂದು ಹಾಳಾದರೆ ಅದರಲ್ಲಿದ್ದದ್ದು ಮಾತ್ರ ಹೋಗಬೇಕು.

ಮೊದಲು ಅಳತೆ

ಡಿಸ್ಕ್ ಕೊಳ್ಳುವ ಮೊದಲು ಸಂಗ್ರಹವನ್ನು ಜಾಲಾಡಿ. ಒಂದೇ ಫೈಲಿನ ಎರಡೆರಡು ಪ್ರತಿಗಳು, ಮುದ್ರಣ ಸರಿಯಾಗಿದೆಯೇ ಎಂದು ನೋಡಲು ಮಾಡಿದ ಅರೆನಿಮಿಷದ ತುಣುಕುಗಳು ಹೊರಹೋಗಲಿ. ಆಮೇಲೆ ಪ್ರತಿ ಫೋಲ್ಡರಿನ ಗಾತ್ರವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಡಿಸ್ಕ್‌ನ ಮೇಲೆ ಅಚ್ಚಾಗಿರುವ ಅಂಕಿಗೂ ಕಂಪ್ಯೂಟರ್ ತೋರಿಸುವ ಅಂಕಿಗೂ ತಾಳೆಯಾಗುವುದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 4.7 ಜಿಬಿಯ ಡಿವಿಡಿ ವಿಂಡೋಸ್‌ನಲ್ಲಿ ಸುಮಾರು 4.38 ಆಗುತ್ತದೆ, 25 ಜಿಬಿಯ ಬ್ಲೂ-ರೇ 23.3 ಆಗುತ್ತದೆ. ಮ್ಯಾಕ್ ಬಳಸುವವರಿಗೆ ಈ ಗೊಂದಲವಿಲ್ಲ, ಅದು ತಯಾರಕರಂತೆಯೇ ಸಾವಿರದಲ್ಲಿ ಎಣಿಸುತ್ತದೆ. ಈ ಲೇಖನದ ಲೆಕ್ಕವೆಲ್ಲ ವಿಂಡೋಸ್ ತೋರಿಸುವ ಅಂಕಿಗಳಲ್ಲೇ ಇದೆ.

ಡಿಸ್ಕನ್ನು ಅಂಚಿನವರೆಗೆ ತುಂಬಬೇಡಿ. ಬರೆಯುವುದು ನಡುವಿನಿಂದ ಶುರುವಾಗಿ ಹೊರಗೆ ಸಾಗುತ್ತದೆ, ಬೆರಳು ತಾಗುವುದೂ ದೋಷ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಹೊರ ಅಂಚಿನಲ್ಲೇ. ಬ್ಲೂ-ರೇಗೆ 22, ಡಿವಿಡಿಗೆ 4.2 ಎಂದು ಮಿತಿ ಹಾಕಿಕೊಂಡರೆ ಸಾಕು.

ಯಾವ ಡಿಸ್ಕ್?

ಸಿಡಿ ಗುಣಮಟ್ಟದ ವೇವ್ ಧ್ವನಿಮುದ್ರಣ ಗಂಟೆಗೆ ಸುಮಾರು 605 ಎಂಬಿ ನುಂಗುತ್ತದೆ. ಎಂಟು ಗಂಟೆಯ ಇಡೀ ರಾತ್ರಿಯ ಆಟ ನಾಲ್ಕೂವರೆ ಜಿಬಿ ದಾಟುತ್ತದೆ, ಒಂದು ಡಿವಿಡಿಯಲ್ಲಿ ಹಿಡಿಯುವುದಿಲ್ಲ. ಫ್ಲಾಕ್ ರೂಪಕ್ಕೆ ಬದಲಿಸಿದರೆ ಧ್ವನಿ ಒಂದಿಷ್ಟೂ ಕೆಡದೆ ಗಾತ್ರ ಬಹಳಷ್ಟು ಇಳಿಯುತ್ತದೆ. ಆದರೂ ಮೂಲ ಹೇಗಿದೆಯೋ ಹಾಗೆಯೇ ಉಳಿಯಲಿ ಎಂಬುದು ಮಾವನ ಆಸೆಯಾಗಿತ್ತು, ನಾನು ಅದನ್ನು ಮೀರಲಿಲ್ಲ. ನನ್ನ ಆಯ್ಕೆ 25 ಜಿಬಿಯ ಬ್ಲೂ-ರೇ. ಡ್ರೈವ್ ಬ್ಲೂ-ರೇ ಬರೆಯುವಂಥದ್ದೇ ಆಗಿರಬೇಕು, ಡಿವಿಡಿ ರೈಟರ್‌ನಲ್ಲಿ ಈ ಕೆಲಸ ಆಗದು. ಕೊಳ್ಳುವಾಗ ಪೊಟ್ಟಣದ ಮೇಲೆ 'ಎಲ್‌ಟಿಎಚ್' ಎಂದಿದ್ದರೆ ಬಿಟ್ಟುಬಿಡಿ. ಆ ಬಗೆಯಲ್ಲಿ ಬೆಳಕಿಗೆ ಬಾಡುವ ಸಾವಯವ ಬಣ್ಣದ ಪದರ ಇರುತ್ತದೆ, ಉಳಿದ ಬಗೆಯಲ್ಲಿ ಹೆಚ್ಚು ಗಟ್ಟಿಯಾದ ನಿರವಯವ ಪದರ. ಸೋನಿ ಕಂಪನಿ 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ತಯಾರಿಕೆಯನ್ನೇ ನಿಲ್ಲಿಸಿದೆ. ಆದ್ದರಿಂದ ಬೇಕಾದಷ್ಟು ಡಿಸ್ಕ್‌ಗಳನ್ನು ಒಟ್ಟಿಗೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಒಡೆಯಬಾರದ ಗಂಟುಗಳು

ಇದು ತಂತ್ರಾಂಶಕ್ಕೆ ಬಿಡಬಾರದ ಕೆಲಸ. ಹೆಚ್ಚಿನ ರೆಕಾರ್ಡರ್‌ಗಳು 2 ಜಿಬಿ ತುಂಬುತ್ತಲೇ ಹೊಸ ಫೈಲ್ ತೆರೆಯುತ್ತವೆ. ಹಾಗಾಗಿ ಒಂದು ರಾತ್ರಿಯ ಆಟ ಮೂರು ಫೈಲುಗಳಾಗಿ ಕೂತಿರುತ್ತದೆ. ಆ ಮೂರೂ ಸೇರಿ ಒಂದೇ ಪ್ರಸಂಗ ಎಂಬುದು ತಂತ್ರಾಂಶಕ್ಕೆ ಹೇಗೆ ತಿಳಿಯಬೇಕು? ಅದಕ್ಕೆ ಕಾಣುವುದು ಗಾತ್ರ ಮಾತ್ರ. ಕರ್ಣಪರ್ವದ ಒಡ್ಡೋಲಗವನ್ನು ಎರಡನೆಯ ಡಿಸ್ಕ್‌ಗೆ, ಕರ್ಣಾರ್ಜುನರ ಕಾಳಗವನ್ನು ಮೂರನೆಯದಕ್ಕೆ ಹಾಕಿ ಮುಂದೆ ಹೋಗುತ್ತದೆ.

ಆದ್ದರಿಂದ ಒಂದು ರಾತ್ರಿಗೆ ಒಂದು ಫೋಲ್ಡರ್, ಒಂದು ತಿರುಗಾಟಕ್ಕೆ ಒಂದು ದೊಡ್ಡ ಫೋಲ್ಡರ್ ಮಾಡಿ. ನಿಮ್ಮಲ್ಲಿರುವುದು ಮನೆಯ ಫೋಟೊಗಳಾದರೆ ಒಂದು ಮದುವೆ, ಒಂದು ಪ್ರವಾಸ ಒಂದೊಂದು ಗಂಟು. ಗಂಟು ಒಡೆಯದೆ ಡಿಸ್ಕ್ ಸೇರಬೇಕು.

ಹೆಸರಿಡುವಾಗ ದಿನಾಂಕವನ್ನು ಮೊದಲು ಬರೆಯಿರಿ, ಇಸವಿ, ತಿಂಗಳು, ದಿನ ಈ ಕ್ರಮದಲ್ಲಿ. ಕನ್ನಡದಲ್ಲೇ ಹೆಸರಿಡಬಹುದು, ಉದ್ದದ ಮೇಲೆ ಮಾತ್ರ ಕಣ್ಣಿರಲಿ. ಡಿಸ್ಕ್ ಮೇಲೆ ಫೈಲುಗಳನ್ನು ಜೋಡಿಸುವ ಹಳೆಯ ಜೋಲಿಯೆಟ್ ವ್ಯವಸ್ಥೆಯಲ್ಲಿ ಹೆಸರಿಗೆ 64 ಅಕ್ಷರಗಳ ಮಿತಿ ಇದೆ, ಮತ್ತು ಕನ್ನಡದ ಒತ್ತು, ಗುಣಿತ ಒಂದೊಂದೂ ಅದರಲ್ಲಿ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ನಮ್ಮ ಕಣ್ಣಿಗೆ ಎರಡೇ ಅಕ್ಷರವಾದ 'ಕೃಷ್ಣ' ಕಂಪ್ಯೂಟರಿಗೆ ಐದು. ಬರೆಯುವಾಗ ಅದರ ಬದಲು ಯುಡಿಎಫ್ ಎಂಬ ವ್ಯವಸ್ಥೆಯನ್ನು ಆರಿಸಿಕೊಂಡರೆ ಈ ಮಿತಿ ಸುಮಾರು 127ಕ್ಕೆ ಏರುತ್ತದೆ, 4 ಜಿಬಿಗಿಂತ ದೊಡ್ಡ ಫೈಲುಗಳೂ ತಕರಾರಿಲ್ಲದೆ ಕೂರುತ್ತವೆ.

ದೊಡ್ಡದು ಮೊದಲು

ಮಾವನ ಹತ್ತು ತಿರುಗಾಟಗಳ ಗಾತ್ರ ವರ್ಷದ ಕ್ರಮದಲ್ಲಿ ಹೀಗಿತ್ತು: 12, 11, 14, 3, 19, 5, 8, 7, 2, 6 ಜಿಬಿ. ಇದೇ ಕ್ರಮದಲ್ಲಿ ತುಂಬುತ್ತಾ, ಹಿಡಿಸದಾಗ ಹೊಸ ಡಿಸ್ಕ್ ತೆಗೆಯುತ್ತಾ ಹೋಗಿ ನೋಡಿ. ಮೊದಲನೆಯದರಲ್ಲಿ 12 ಮಾತ್ರ, ಏಕೆಂದರೆ 11 ಸೇರಿದರೆ 22 ದಾಟುತ್ತದೆ. ಎರಡನೆಯದರಲ್ಲಿ 11 ಮಾತ್ರ. ಮೂರನೆಯದರಲ್ಲಿ 14 ಮತ್ತು 3, ನಾಲ್ಕನೆಯದರಲ್ಲಿ 19, ಐದನೆಯದರಲ್ಲಿ 5, 8, 7, 2. ಕೊನೆಯ 6ಕ್ಕೆಂದೇ ಆರನೆಯ ಡಿಸ್ಕ್ ಬೇಕು.

ಈಗ ಅವನ್ನೇ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ: 19, 14, 12, 11, 8, 7, 6, 5, 3, 2. ಪ್ರತಿಯೊಂದನ್ನೂ ಮೊದಲ ಡಿಸ್ಕ್‌ನಿಂದ ನೋಡುತ್ತಾ ಬಂದು, ಎಲ್ಲಿ ಹಿಡಿಸುತ್ತದೋ ಅಲ್ಲಿ ಹಾಕಿ. ಮೊದಲ ನಾಲ್ಕು ನಾಲ್ಕು ಬೇರೆ ಡಿಸ್ಕ್‌ಗಳಿಗೆ ಹೋಗುತ್ತವೆ. 8 ಹೋಗಿ 14ರ ಪಕ್ಕ ಕೂರುತ್ತದೆ, 7 ಹೋಗಿ 12ರ ಪಕ್ಕ. 6 ಮತ್ತು 5 ಎರಡೂ 11ರ ಜೊತೆಗೆ. 3 ಬಂದು 19ರ ಮೇಲಿನ ಖಾಲಿ ತುಂಬುತ್ತದೆ, 2 ಬಂದು 12 ಮತ್ತು 7ರ ಜೊತೆ ಸೇರುತ್ತದೆ. ಒಟ್ಟು ನಾಲ್ಕೇ ಡಿಸ್ಕ್, ಉಳಿದ ಖಾಲಿ 1 ಜಿಬಿ. ಗಾಡಿಗೆ ಮೊದಲು ಮೂಟೆ ಹೇರಿ, ಸಂದಿಗಳಲ್ಲಿ ಬುತ್ತಿ, ಬಿಂದಿಗೆ ಇಡುವವರಿಗೆ ಇದು ಹೊಸ ವಿಷಯವಲ್ಲ. ಗಣಿತದಲ್ಲೂ ಇದಕ್ಕೆ ಪಕ್ಕಾ ಆಧಾರವಿದೆ: ಫೋಲ್ಡರ್‌ಗಳು ಎಷ್ಟೇ ಇರಲಿ, ಈ ಕ್ರಮ ಅತ್ಯುತ್ತಮ ಜೋಡಣೆಗೆ ಬೇಕಾಗುವ ಡಿಸ್ಕ್ ಸಂಖ್ಯೆಯ 11/9 ಪಾಲಿಗಿಂತ ಹೆಚ್ಚೆಂದರೆ ಒಂದು ಡಿಸ್ಕ್‌ನಷ್ಟು ಮಾತ್ರ ಮೇಲೆ ಹೋಗಬಹುದು.

ವರ್ಷಗಳ ಕ್ರಮ ಇದರಲ್ಲಿ ಕದಡುತ್ತದೆ ನಿಜ. ಎರಡು ಡಿಸ್ಕ್ ಉಳಿಯುವುದಾದರೆ ನಾನು ಅದನ್ನು ಒಪ್ಪುತ್ತೇನೆ, ಸೂಚಿ ಚೆನ್ನಾಗಿದ್ದರೆ ಹುಡುಕುವುದು ಕಷ್ಟವಲ್ಲ.

ತಂತ್ರಾಂಶಕ್ಕೆ ಬಿಡುವುದಾದರೆ

ಡಿಸ್ಕ್ ಬರೆಯುವ ನೀರೋ ತಂತ್ರಾಂಶದಲ್ಲಿ 'ಡಿಸ್ಕ್‌ಸ್ಪ್ಯಾನ್' ಎಂಬ ಸೌಲಭ್ಯವಿದೆ, ಬರ್ನ್‌ಅವೇರ್‌ನ ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲೂ ಇಂಥದ್ದು ಸಿಗುತ್ತದೆ. ಲಿನಕ್ಸ್‌ನಲ್ಲಿ ಡರ್‌ಸ್ಪ್ಲಿಟ್ ಎಂಬ ಪುಟ್ಟ ಆಜ್ಞೆ ಇದೆ, ಅದು ಯಾವ ಡಿಸ್ಕ್‌ಗೆ ಯಾವುದು ಎಂಬ ಪಟ್ಟಿಯನ್ನಷ್ಟೇ ಮಾಡಿಕೊಡುತ್ತದೆ. ಯಾವುದನ್ನೇ ಬಳಸಿ, ಬರೆಯುವ ಮೊದಲು ಎರಡು ಸಂಗತಿ ನೋಡಿ. ಫೈಲನ್ನು ತುಂಡರಿಸುವ ಆಯ್ಕೆ ಇದ್ದರೆ ಅದು ಆಫ್ ಆಗಿರಲಿ. ಬರೆದ ಫೈಲುಗಳು ಆ ತಂತ್ರಾಂಶವಿಲ್ಲದ ಕಂಪ್ಯೂಟರಿನಲ್ಲೂ ತೆರೆದುಕೊಳ್ಳಬೇಕು. ಪರೀಕ್ಷೆಗೆ ಒಂದು ಡಿಸ್ಕ್ ಬರೆದು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ತಿಳಿಯುತ್ತದೆ.

ನಾನು ಮಾತ್ರ ಕೈಯಿಂದಲೇ ಹಂಚುತ್ತೇನೆ. 'ಡಿಸ್ಕ್-01', 'ಡಿಸ್ಕ್-02' ಎಂದು ಫೋಲ್ಡರ್ ಮಾಡಿ, ಗಂಟುಗಳನ್ನು ಅದರೊಳಗೆ ಸರಿಸಿ, ಒಂದೊಂದನ್ನೇ ಇಮ್ಗ್‌ಬರ್ನ್‌ನಲ್ಲಿ ಬರೆಯುತ್ತೇನೆ. ಅದು ಉಚಿತ, ಹಳೆಯದು, ನಂಬಬಹುದಾದದ್ದು.

ಒಂದೇ ಫೈಲ್ ಡಿಸ್ಕ್‌ಗಿಂತ ದೊಡ್ಡದಾದರೆ? ವಿಡಿಯೊ ಆದರೆ ಲಾಸ್‌ಲೆಸ್‌ಕಟ್ ಬಳಸಿ ಪ್ರಸಂಗದ ವಿರಾಮವಿರುವಲ್ಲಿ ಕತ್ತರಿಸಿ. ಚಿತ್ರದ ಗುಣಮಟ್ಟ ಇಳಿಯುವುದಿಲ್ಲ, ಪ್ರತಿ ತುಂಡೂ ತಾನೇ ಓಡುತ್ತದೆ. ಕತ್ತರಿಸಲಾಗದ ಬಗೆಯ ಫೈಲಾದರೆ ಮಾತ್ರ ಅದನ್ನು ತುಂಡುಗಳಾಗಿ ಕಟ್ಟಿಕೊಡುವ 7-ಜಿಪ್‌ಗೆ ಹೋಗಿ. ಅದರ ಪಟ್ಟಿಯಲ್ಲಿ ಡಿವಿಡಿಗೆ 4480ಎಂ, ಬ್ಲೂ-ರೇಗೆ 23040ಎಂ ಎಂಬ ಸಿದ್ಧ ಅಳತೆಗಳಿವೆ, ಅಂಚು ಬಿಡಬೇಕೆಂದರೆ ನಿಮ್ಮದೇ ಚಿಕ್ಕ ಅಂಕಿಯನ್ನೂ ಕೊಡಬಹುದು. ಈ ತುಂಡುಗಳಲ್ಲಿ ಒಂದು ಹೋದರೂ ಇಡೀ ಫೈಲ್ ಸಿಗದು, ಆದ್ದರಿಂದ ಇಂಥ ಡಿಸ್ಕ್‌ಗಳಿಗೆ ಎರಡನೆಯ ಪ್ರತಿ ಬೇಕೇ ಬೇಕು.

ಸೂಚಿ, ಬರವಣಿಗೆ, ತಪಾಸಣೆ

ಬರೆಯುವ ಮೊದಲು ಒಂದು ಸಾದಾ ಪಠ್ಯದ ಫೈಲಿನಲ್ಲಿ ಎಲ್ಲ ಡಿಸ್ಕ್‌ಗಳ ಪಟ್ಟಿ ಮಾಡಿ: ದಿನಾಂಕ, ಪ್ರಸಂಗ, ಮೇಳ, ಊರು, ಭಾಗವತರು, ಡಿಸ್ಕ್ ಸಂಖ್ಯೆ. ಈ ಇಡೀ ಪಟ್ಟಿ ಪ್ರತಿ ಡಿಸ್ಕ್‌ನಲ್ಲೂ ಇರಲಿ. ಜೊತೆಗೆ ಆ ಡಿಸ್ಕ್‌ನ ಫೈಲುಗಳ ಎಸ್‌ಎಚ್‌ಎ-256 ಮೊತ್ತಗಳೂ ಇರಲಿ. ಅವು ಫೈಲಿನ ಬೆರಳಚ್ಚು ಇದ್ದಂತೆ, ಒಂದು ಬಿಟ್ ಬದಲಾದರೂ ತಾಳೆಯಾಗುವುದಿಲ್ಲ.

ವೇಗವನ್ನು ಗರಿಷ್ಠಕ್ಕೆ ಇಡದೆ ನಡುವಿನಲ್ಲಿಡಿ. ಬರೆದದ್ದನ್ನು ಓದಿ ತಾಳೆ ನೋಡುವ 'ವೆರಿಫೈ' ಆಯ್ಕೆಗೆ ಗುರುತು ಹಾಕಿರಿ. ಸಮಯ ಹೆಚ್ಚು ಹಿಡಿಯುತ್ತದೆ, ಆದರೂ ಅದನ್ನು ಬಿಟ್ಟು ಒಂದು ಡಿಸ್ಕನ್ನೂ ಬರೆಯಬೇಡಿ. ಮುಗಿದ ಮೇಲೆ ಬೇರೆ ಡ್ರೈವ್‌ನಲ್ಲಿ ಹಾಕಿ ಮೊತ್ತಗಳನ್ನು ಮತ್ತೊಮ್ಮೆ ತಾಳೆ ನೋಡಿ. ಬರೆದ ಡ್ರೈವ್ ಮಾತ್ರ ಓದಬಲ್ಲ ಡಿಸ್ಕ್ ಇದ್ದೂ ಇಲ್ಲದಂತೆ.

ಡಿಸ್ಕ್‌ನ ಮೇಲೆ ಬರೆಯಲು ನೀರಿನ ಶಾಯಿಯ ಮೆತ್ತನೆಯ ಮಾರ್ಕರ್ ಬಳಸಿ, ಬಾಲ್ ಪೆನ್ ಬೇಡ, ಕಾಗದದ ಚೀಟಿ ಅಂಟಿಸುವುದೂ ಬೇಡ. ಸಿಡಿಯಲ್ಲಿ ಮಾಹಿತಿಯ ಪದರ ಹೆಸರು ಬರೆಯುವ ಬದಿಗೇ ಅಂಟಿಕೊಂಡಿರುತ್ತದೆ, ಡಿವಿಡಿಯಲ್ಲಿ ನಡುವೆ ಇರುತ್ತದೆ. ಬ್ಲೂ-ರೇಯಲ್ಲಿ ಅದು ಕೆಳಬದಿಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಹಾಗಾಗಿ ಅದನ್ನು ಕೆಳಮುಖವಾಗಿ ಮೇಜಿನ ಮೇಲೆ ಇಡಲೇಬೇಡಿ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಆಷಾಢದ ತೇವ ಕಪಾಟಿನೊಳಗೂ ಬರುತ್ತದೆ. ಒಂದೊಂದು ಡಿಸ್ಕನ್ನೂ ಗಟ್ಟಿ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಎಲ್ಲವನ್ನೂ ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಎರಡನೆಯ ಪ್ರತಿ ಬೇರೆ ಊರಿನಲ್ಲಿರಲಿ. ಮಾವನ ಎರಡನೆಯ ಕಟ್ಟು ಈಗ ಬೆಂಗಳೂರಿನಲ್ಲಿ ಅವರ ಮಗಳ ಮನೆಯಲ್ಲಿದೆ. ಪ್ರತಿ ವರ್ಷ ಪತ್ತನಾಜೆ ಕಳೆದ ವಾರ ನಾವಿಬ್ಬರೂ ನಮ್ಮ ನಮ್ಮ ಕಟ್ಟಿನ ಮೊತ್ತಗಳನ್ನು ತಾಳೆ ನೋಡಿ ಫೋನಿನಲ್ಲಿ ಹೇಳಿಕೊಳ್ಳುತ್ತೇವೆ. ಈ ವರ್ಷ ಎಂಟೂ ಡಿಸ್ಕ್‌ಗಳು ಸರಿಯಾಗಿ ಓದಿದವು.